ಕಡೆಯ ಎರಡು ಫ್ರೇಮು

ಕುಂದಗೋಳ
12 ಜುಲೈ 1984

ಬೆಳವನಾಳ ಶಾಲೆಯ ಶಿವಗಂಗಾ ಅಕ್ಕೋರಿಗೆ, ಕುಂದಗೋಳದ ಸ್ಟುಡಿಯೋ ಮಡಿವಾಳೆಪ್ಪನ ಶರಣು.

ಏಳನೆಯ ಇಯತ್ತೆಯ ಗ್ರೂಪ್ ಫೋಟೋ ಆರು ಪ್ರತಿ ಇದರ ಜೊತೆ ಇವೆ. ಎರಡನೆಯ ಸಾಲಿನಲ್ಲಿ ಎಡಗಡೆ ನಿಂತ ಹುಡುಗಿ ಕಣ್ಣು ಮುಚ್ಚಿದ್ದಾಳೆ. ಮೂರು ಸಲ ತೆಗೆದೆ, ಮೂರು ಸಲವೂ ಮುಚ್ಚಿದ್ದಾಳೆ. ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಆದರೆ ಈ ಪತ್ರ ಅದಕ್ಕಲ್ಲ. ಅಂದು ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ, ಹಾದಿಯ ಬಾಜು ಬೀಳುಬಿದ್ದ ಹೊಲದಲ್ಲಿ ಯಾರೋ ಬಿಳಿ ಅಂಗಿ, ಕರಿ ಟೊಪ್ಪಿಗೆ ಹಾಕಿಕೊಂಡು ಹುಲ್ಲಿನ ನಡುವೆ ಕೂತಂತೆ ಕಂಡಿತು. ಇಷ್ಟು ಹೊತ್ತು ಅಲುಗಾಡದೆ ಕೂರುವವನು ಯಾರಪ್ಪಾ ಎಂದು ನೋಡುತ್ತಲೇ ಇದ್ದೆ. ಎದ್ದು ನಡೆಯಿತು. ಹಕ್ಕಿ! ಟಗರಿನಷ್ಟು ದೊಡ್ಡದು. ನಿಮ್ಮ ಶಾಲೆಯ ಸಿಪಾಯಿ ಮಾಬುಸಾಬರು ಬಾಜುಕ್ಕೇ ಇದ್ದರು. "ಅದು ಎರಿಭೂತ ರೀ. ಎರಿ ಹೊಲದಾಗ ನಿಂತಿರತೈತಿ, ಹೊಳ್ಳಿ ನೋಡಿದ್ರ ಇರೂದಿಲ್ಲ. ಅದಕ್ಕ ಭೂತ ಅಂತಾರ" ಎಂದರು. ನಾನು ಹೊರಳಿ ನೋಡಿದೆ. ಇರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ ಅಕ್ಕೋರೆ. ಕ್ಯಾಮೆರಾ ಕೊರಳಲ್ಲಿದ್ದೂ ಒತ್ತುವುದನ್ನು ಮರೆತದ್ದು ಅದೇ ಮೊದಲು. ಹುಬ್ಬಳ್ಳಿ ಬರುವವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಹೊಲ ನಿಮ್ಮ ಅತ್ತೆಯವರದಂತೆ. ಅವರ ಒಪ್ಪಿಗೆ ಸಿಕ್ಕರೆ ಬದುವಿನ ಮೇಲೆ ಒಂದು ಮರೆ ಕಟ್ಟಿಕೊಂಡು ಕೂರುತ್ತೇನೆ. ಶನಿವಾರ ಸಂಜೆ ಬಂದು ಭಾನುವಾರ ಹೋಗಿಬಿಡುತ್ತೇನೆ. ಹೆಚ್ಚಿಗೆ ಇರಲು ನನಗೆ ಆಗದು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕುಂದರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುತ್ತಾರಲ್ಲ, ಅದಕ್ಕೆ ಕರೆಯಲು ಬಂದಾಗ ನಾನು ಊರಲ್ಲಿರಬೇಕು. ಲಗ್ನದವರು ಒಂದು ತಾಸು ಕಾಯುತ್ತಾರೆ, ಮಣ್ಣಿನವರು ಕಾಯುವುದಿಲ್ಲ. ಆ ಕಾರಣಕ್ಕೇ ಮೂವತ್ತಾರು ಫ್ರೇಮಿನ ಯಾವ ರೋಲು ಹಾಕಿದರೂ ಮೂವತ್ನಾಲ್ಕಕ್ಕೆ ನಿಲ್ಲಿಸುತ್ತೇನೆ. ಕಡೆಯ ಎರಡು ಫ್ರೇಮು ಅವರಿಗೆ. ನಮ್ಮಪ್ಪ ಹಾಕಿಕೊಟ್ಟ ಪದ್ಧತಿ.

ಅತ್ತೆಯವರನ್ನು ಕೇಳಿ ಎರಡು ಸಾಲು ಬರೆಯಿರಿ.

ಮಡಿವಾಳೆಪ್ಪ


ಬೆಳವನಾಳ
21 ಜುಲೈ 1984

ಮಡಿವಾಳೆಪ್ಪನವರಿಗೆ ಶರಣು.

ಫೋಟೋಗಳು ಮುಟ್ಟಿದವು. ಕಣ್ಣು ಮುಚ್ಚಿದವಳು ಹಲೀಮಾ. ಗಣಿತದ ಹೊತ್ತಿನಲ್ಲಿಯೂ ಹಾಗೆಯೇ ಕೂರುತ್ತಾಳೆ, ಆದ್ದರಿಂದ ಫೋಟೋ ಅಗದಿ ಹೋಲುತ್ತದೆ. ಅವರ ಮನೆಯವರೂ ಒಪ್ಪಿದ್ದಾರೆ.

ಅತ್ತೆ ರೇವವ್ವನವರನ್ನು ಕೇಳಿದೆ. ಅವರ ಮಾತನ್ನೇ ಬರೆಯುತ್ತೇನೆ: "ಕುಂದರಲಿ ತಗೋ, ಹೊಲ ಏನ ಸವದ ಹೋಗತೈತೇನು? ಆದ್ರ ನಲವತ್ತ ವರ್ಷಾತು, ಅದು ನನ್ನ ಸನೇಕ ಬಂದಿಲ್ಲ. ಕುಂದಗೋಳದಾವನ ಸನೇಕ ಬರತೈತೇನ?"

ಆ ನಾಲ್ಕು ಎಕರೆಯನ್ನು ಅವರು ಎಮ್ಮೆಗಳ ಹುಲ್ಲಿಗೆಂದು ಬೀಳು ಬಿಟ್ಟಿದ್ದಾರೆ. ಅಣ್ಣಿಗೇರಿಯಲ್ಲಿ ಹತ್ತಿ ವ್ಯಾಪಾರ ಮಾಡುವ ನನ್ನ ಮೈದುನ ಈರಬಸಪ್ಪನಿಗೆ ಅದು ಸೇರುವುದಿಲ್ಲ. ಎರಡು ಎಮ್ಮೆಗೆ ನಾಲ್ಕು ಎಕರೆ ಯಾಕೆ ಎಂದು ಬಂದಾಗಲೆಲ್ಲ ಲೆಕ್ಕ ಹೇಳುತ್ತಾನೆ. ಅತ್ತೆ ಕೇಳಿಸದವರಂತೆ ಎದ್ದು ಹೋಗುತ್ತಾರೆ.

ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ನೀವು ಶಾಲೆಯಲ್ಲಿ ಮಲಗಬೇಕಾಗುತ್ತದೆ, ಮಾಬುಸಾಬರು ಜೊತೆಗಿರುತ್ತಾರೆ. ಬುತ್ತಿ ನಮ್ಮ ಮನೆಯಿಂದ ಬರುತ್ತದೆ. ಬೇಡ ಅನ್ನಬೇಡಿ, ಅತ್ತೆ ಸಿಟ್ಟಾಗುತ್ತಾರೆ.

ಫೋಟೋದವರು ಬರುತ್ತಾರೆ, ನಿಮ್ಮದೂ ಒಂದು ತೆಗೆಸೋಣ ಎಂದೆ. ಈ ವಯಸ್ಸಿನವರೆಗೂ ಅವರದೊಂದು ಫೋಟೋ ಇಲ್ಲ. "ಸತ್ತ ಮ್ಯಾಲ ಹೆಂಗೂ ತಗೀತೀರಿ. ಎರಡೆರಡ ಯಾಕ ಬೇಕು?" ಎಂದರು. ನಿಮ್ಮ ಪದ್ಧತಿಗೆ ಹೊಂದುವ ಗಿರಾಕಿ.

ಶಿವಗಂಗವ್ವ


ಕುಂದಗೋಳ
17 ಸೆಪ್ಟೆಂಬರ್ 1984

ಅಕ್ಕೋರಿಗೆ ಶರಣು.

ಏಳು ಭಾನುವಾರ ಆದವು. ವರದಿ ಒಪ್ಪಿಸುತ್ತೇನೆ.

ಮೊದಲ ಎರಡು ವಾರ ಹಕ್ಕಿ ಇತ್ತು, ಬೆಳಕಿರಲಿಲ್ಲ. ಮೂರನೆಯ ವಾರ ಬೆಳಕಿತ್ತು, ಹಕ್ಕಿ ಹೊಲದ ಆಚೆ ತುದಿಗೆ ನಿಂತು ನನ್ನ ಕಡೆ ಬೆನ್ನು ತಿರುಗಿಸಿತು. ನನ್ನ ಹತ್ತಿರ ಇರುವುದು ಹುಬ್ಬಳ್ಳಿಯ ಪತ್ರಿಕೆಯವರೊಬ್ಬರಿಂದ ಹಳೆಯದು ಕೊಂಡ ಉದ್ದನೆಯ ಲೆನ್ಸು. ಅದರಲ್ಲಿಯೂ ಅಷ್ಟು ದೂರದ ಹಕ್ಕಿ ಕಾಗೆಯಷ್ಟೇ ಬರುತ್ತದೆ. ನಾಲ್ಕನೆಯ ವಾರದ್ದು ನಿಮಗೆ ಗೊತ್ತೇ ಇದೆ. ಜೋಳದ ಕಣಕಿಯಿಂದ ಮರೆ ಕಟ್ಟಿದ ಬುದ್ಧಿವಂತ ನಾನು. ನಿಮ್ಮ ಎಮ್ಮೆ ಬಂದು ಬಾಗಿಲ ಕಡೆಯಿಂದ ಮೇಯತೊಡಗಿತು. ಒಳಗೆ ನಾನು, ಹೊರಗೆ ಅದು. ಗದರಿಸಿದರೆ ಹಕ್ಕಿ ಹೋದೀತು. ಸುಮ್ಮನಿದ್ದೆ. ಅರ್ಧ ತಾಸಿನಲ್ಲಿ ನಾನು ಬಯಲಲ್ಲಿ ಮಂಡಿಯೂರಿ ಕೂತಿದ್ದೆ, ಹಕ್ಕಿಯೂ ನೋಡಿತು, ಎಮ್ಮೆಯೂ ನೋಡಿತು.

ರೇವವ್ವಾಯಿ ಅಂದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ತಮ್ಮಾ, ನೀ ಅದರ ಎದುರಿಗೆ ಕುಂತು ಬಾ ಬಾ ಅಂದ್ರ ಬರತೈತೇನು? ದನ ಹೊಳ್ಳಸಬೇಕಂದ್ರ ಹಿಂದೂ ಹೋಗಬಾರದು, ಮುಂದೂ ಹೋಗಬಾರದು. ಅದರ ಕಡೆ ನೋಡದಂಗ ಬಾಜುಕ ನಡೀಬೇಕು. ತಂತಾನ ಹೊಳ್ಳತೈತಿ." ಎಮ್ಮೆಯ ಮಾತು ಹಕ್ಕಿಗೆ ಹೇಗೆ ಹೊಂದುತ್ತದೆ ಆಯಿ ಎಂದರೆ, "ಕಾಲಿದ್ದದ್ದು ಎಲ್ಲಾ ಒಂದs" ಎಂದರು.

ನಿನ್ನೆಯಂತೂ ಬರಿಗೈ. ನಸುಕಿನಲ್ಲಿ ಇತ್ತು ಎಂದರು ಮಾಬುಸಾಬರು. ನಾನು ಬದು ಹತ್ತುವಷ್ಟರಲ್ಲಿ ಹೊಲ ಖಾಲಿ. ದೈವವೇ ಇಲ್ಲದವನಿಗೆ ತಾಳ್ಮೆ ಇದ್ದು ಏನು ಮಾಡುವುದು?

ಆದರೂ ಬರುತ್ತೇನೆ. ಹಕ್ಕಿ ಸಿಗದ ಭಾನುವಾರವೂ ಹೊಟ್ಟೆ ತುಂಬಿಸಿಕೊಂಡೇ ಬಂದಿದ್ದೇನೆ. ನಿಮ್ಮ ಕೈಯ ಕೆಂಪು ಖಾರದ ರುಚಿ ಬುಧವಾರದವರೆಗೂ ನಾಲಿಗೆಯ ಮೇಲಿರುತ್ತದೆ. ಇದನ್ನು ಬರೆಯಬಾರದಿತ್ತೋ ಏನೋ. ಬರೆದಾಯಿತು.

ಮಡಿವಾಳೆಪ್ಪ


ಬೆಳವನಾಳ
22 ಸೆಪ್ಟೆಂಬರ್ 1984
(ಕಾರ್ಡು)

ನೀವು ಭಾನುವಾರ ಹೋದಿರಿ, ಹಕ್ಕಿ ಸೋಮವಾರ ಬಂತು. ಮಂಗಳವಾರವೂ ಇತ್ತು. ಇದನ್ನು ಓದುವಷ್ಟರಲ್ಲಿ ಮತ್ತೆ ಹೋಗಿರುತ್ತದೆ. ಪೋಸ್ಟಿನವರ ಚೀಲಕ್ಕಿಂತ ಅದರ ರೆಕ್ಕೆ ಚುರುಕು. ದೈವದ ಮಾತು ನನಗೆ ಗೊತ್ತಿಲ್ಲ.

ಬರುವ ಶನಿವಾರ ಬರುತ್ತೀರೋ ಇಲ್ಲವೋ ಎಂದು ಅತ್ತೆ ಕೇಳುತ್ತಿದ್ದಾರೆ.

ಶಿವಗಂಗವ್ವ


ಕುಂದಗೋಳ
9 ಜೂನ್ 1985

ಅಕ್ಕೋರಿಗೆ ಶರಣು.

ಇಲ್ಲಿ ಮೊದಲ ಮಳೆ ಬಿತ್ತು. ಅಲ್ಲಿ ಬಿದ್ದಿದೆಯೇ? ಹುಲ್ಲು ಚಿಗುರಿದರೆ ಹಕ್ಕಿ ಬರುತ್ತದೆ ಎಂದಿದ್ದರು ಆಯಿ. ದೀಪಾವಳಿಯಿಂದ ಇಲ್ಲಿಯವರೆಗೆ ನಿಮ್ಮೂರಿಗೆ ಬರಲು ನನಗೆ ನೆಪವೇ ಇರಲಿಲ್ಲ. ನಿಮ್ಮೂರ ಕಡೆ ಹೋಗುವ, ನವಲಗುಂದದ ಬೋರ್ಡು ಹಾಕಿದ ಬಸ್ಸು ಕಂಡರೆ ಸುಮ್ಮನೆ ನಿಂತು ನೋಡುತ್ತೇನೆ. ಅಂಗಡಿ ಸಾಲಿನವರು ನಗುತ್ತಾರೆ.

ಒಂದು ಹಕ್ಕಿಗಾಗಿ ಇಷ್ಟೊಂದು ಯಾಕೆ ಎಂದು ಹೋದ ವರ್ಷ ನೀವು ಕೇಳಿದ್ದಿರಿ. ನಕ್ಕು ಮಾತು ಹಾರಿಸಿದ್ದೆ. ಇವತ್ತು ಹೇಳುತ್ತೇನೆ.

ಇಷ್ಟು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯ ಕಡೆಯ ಫೋಟೋ ತೆಗೆದಿದ್ದೇನೆ. ಹೋದವರ ಬಾಜು ಕೂತವರಿಗೆ ಒಂದು ನಿಮಿಷ ಅಳಬೇಡಿ, ಈ ಕಡೆ ನೋಡಿ ಎನ್ನುವುದೇ ನನ್ನ ಉದ್ಯೋಗ. ಅವರು ಅಳು ನಿಲ್ಲಿಸಿ ನೋಡುತ್ತಾರೆ. ನನ್ನ ಹೆಂಡತಿ ಗುರವ್ವ ಹೋದಾಗ ಊರಲ್ಲಿ ಬೇರೆ ಫೋಟೋದವರು ಇರಲಿಲ್ಲ. ಅದನ್ನೂ ನಾನೇ ತೆಗೆದೆ. ಫೋಕಸ್ ಸರಿಯಾಗಿ ಬಂದಿದೆ. ಎಂಟು ವರ್ಷದಿಂದ ಆ ಫೋಟೋದ ಎದುರಿಗೆ ಊಟ ಮಾಡುತ್ತಿದ್ದೇನೆ.

ಅಲುಗಾಡದವರ ಫೋಟೋ ತೆಗೆದು ತೆಗೆದು ಸಾಕಾಗಿದೆ. ಬೇಕಾದರೆ ಎದ್ದು ಹೋಗಬಲ್ಲದ್ದು, ನನಗೆ ಹೇಳದೆ ಕೇಳದೆ ಹಾರಿಹೋಗಬಲ್ಲದ್ದು, ಹೋಗದೆ ಒಂದು ಕ್ಷಣ ನನ್ನ ಎದುರಿಗೆ ನಿಲ್ಲಬೇಕು. ಅಷ್ಟೇ ನನ್ನ ಆಸೆ. ಅದನ್ನು ಯಾವ ಸ್ಪರ್ಧೆಗೂ ಕಳಿಸುವುದಿಲ್ಲ. ಗುರವ್ವನ ಫೋಟೋ ಇರುವ ಆ ಗೋಡೆಯ ಮೇಲೆ ಹಾಕುತ್ತೇನೆ.

ಮಳೆಯ ಸುದ್ದಿ ಬರೆಯಿರಿ. ಮಳೆಯಾಗದಿದ್ದರೂ ಬರೆಯಿರಿ.

ಮಡಿವಾಳೆಪ್ಪ


ಬೆಳವನಾಳ
30 ಜೂನ್ 1985

ಮಡಿವಾಳೆಪ್ಪನವರಿಗೆ,

ಮಳೆಯಾಗಿದೆ. ಹಕ್ಕಿ ಬಂದಿದೆ. ಮೊದಲು ನೋಡಿದವರು ಅತ್ತೆ. "ಭೂತಪ್ಪ ಬಂದಾನ, ಫೋಟೋದಾವಗ ಹೇಳಿ ಕಳಸು" ಎಂದು ಮೂರು ದಿನದಿಂದ ಬೆನ್ನು ಹತ್ತಿದ್ದಾರೆ. ಇವತ್ತು ಬರೆಯಲು ಕೂತೆ.

ಗುರವ್ವನವರ ವಿಷಯ ಓದಿ ಎದ್ದು ಪಡಸಾಲೆಗೆ ಹೋದೆ. ನನ್ನ ಯಜಮಾನರ ಫೋಟೋ ಅಲ್ಲಿದೆ. ಅತ್ತೆ ಒಳಗೇ ಉಳಿದಿದ್ದರು, ಅದರಲ್ಲಿ ಇಲ್ಲ. ಅವರ ಬಾಜು ಕೂತ ನಾನು ಕ್ಯಾಮೆರಾ ನೋಡುತ್ತಿದ್ದೇನೆ. ಆ ಹೊತ್ತಿನಲ್ಲಿ ಯಾಕೆ ನೋಡಿದೆನೋ ಎಂದು ಹತ್ತು ವರ್ಷ ನನ್ನ ಮೇಲೆ ನನಗೇ ಸಿಟ್ಟಿತ್ತು. ಯಾರೋ ನೋಡಿ ಎಂದಿದ್ದರು, ನೋಡಿದ್ದೆ. ಅಷ್ಟೇ ಎಂದು ಈಗ ತಿಳಿಯಿತು.

ಇನ್ನೊಂದು ಸುದ್ದಿ ಒಳ್ಳೆಯದಲ್ಲ. ಕಾಲುವೆಯ ನೀರು ನಮ್ಮ ಹೊಲದ ಮಗ್ಗುಲವರೆಗೆ ಬಂದಿದೆ. ಈರಬಸಪ್ಪ ಹೋದ ವಾರ ಬಂದು, "ಯವ್ವಾ, ನೀರು ಬಾಗಿಲಿಗೆ ಬಂದೈತಿ. ಇನ್ನ ಬೀಳು ಬಿಟ್ಟರ ಮಂದಿ ಉಗಳ್ತಾರ" ಎಂದ. ಅತ್ತೆ, "ಈ ಮಳಿಗಾಲ ಒಂದು ತಡಿ" ಎಂದರು. ಅಂದರೆ ಇದೇ ಕಡೆಯ ಮಳೆಗಾಲ. ಮುಂದಿನ ವರ್ಷ ಅಲ್ಲಿ ಹತ್ತಿ. ಹಕ್ಕಿ ಬಂದರೂ ನಿಲ್ಲಲು ನೆಲವಿರುವುದಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಮನೆಯ ಕಿಟಕಿಯಲ್ಲಿ ನಿಲ್ಲುವುದುಂಟು. ಅಲ್ಲಿಂದ ಬಸ್ಸು ತಿರುಗುವ ಜಾಗ ಕಾಣುತ್ತದೆ. ಗಾಳಿ ಚೆನ್ನಾಗಿ ಬರುತ್ತದೆ ಎಂದು ನಿಲ್ಲುತ್ತೇನೆ.

ಶಿವಗಂಗಾ


ಕುಂದಗೋಳ
19 ಆಗಸ್ಟ್ 1985

ಅಕ್ಕೋರೆ,

ಏನು ಬರೆಯಲಿ? ಆಯಿ ಹೋಗಿ ಎಂಟು ದಿನವಾದವು. ಮಳೆಯಲ್ಲಿ ಮಣ್ಣು ಕೊಟ್ಟು ಬಂದದ್ದು, ನೀವು ಬಾಗಿಲ ಕಂಬ ಹಿಡಿದು ನಿಂತದ್ದು, ಎಲ್ಲ ಕಣ್ಣ ಮುಂದೆಯೇ ಇದೆ. ನನಗೆ ಬುತ್ತಿ ಕಟ್ಟಿಸಿದ ಕೈ ಅದು. ನನ್ನ ತಾಯಿ ಹೋದಾಗ ನಾನು ಸಣ್ಣವನು, ಅಷ್ಟು ತಿಳಿದಿರಲಿಲ್ಲ. ಈಗ ತಿಳಿಯಿತು.

ನಿಮಗೆ ಹೇಳಲೇಬೇಕಾದ ಒಂದು ಕೆಟ್ಟ ಸುದ್ದಿ ಇದೆ. ಅಂದು ಆಯಿಯನ್ನು ಕುಂದರಿಸಿ ತೆಗೆದ ಫೋಟೋ ಬರಲಿಲ್ಲ. ತೊಳೆಯುವಾಗ ರೋಲಿಗೆ ಬೆಳಕು ಬಿತ್ತು. ಪೂರಾ ಕಪ್ಪಾಯಿತು. ಈರಬಸಪ್ಪನವರಿಗೆ ಯಾವ ಮುಖದಿಂದ ಹೇಳಲಿ ಎಂದು ತಿಳಿಯುತ್ತಿಲ್ಲ. ನೀವೇ ಹೇಳಿಬಿಡಿ. ಬೈದರೆ ಬೈಸಿಕೊಳ್ಳುತ್ತೇನೆ.

ಅಂದು ಹಕ್ಕಿಯೂ ಸನಿಹ ಬರಲಿಲ್ಲ. ಅದರ ಮಾತು ಈಗ ಬೇಡ.

ಮಡಿವಾಳೆಪ್ಪ


ಬೆಳವನಾಳ
2 ಸೆಪ್ಟೆಂಬರ್ 1985

ಮಡಿವಾಳೆಪ್ಪನವರಿಗೆ,

ಈರಬಸಪ್ಪ ಬೈದ. ಬೈಯುವುದು ಅವನ ಹಕ್ಕು, ತಾಯಿಯ ಒಂದು ಫೋಟೋವೂ ಇಲ್ಲದ ಮಗ. ಆದರೆ ನೀವು ಅದನ್ನೇ ಹಚ್ಚಿಕೊಂಡು ಕೂರಬೇಡಿ. ಕೈತಪ್ಪಿ ಆದದ್ದಕ್ಕೆ ಯಾರು ಏನು ಮಾಡಬೇಕು? ಇಪ್ಪತ್ತು ವರ್ಷದಲ್ಲಿ ಒಂದು ರೋಲು ಹಾಳಾಯಿತು. ನಮ್ಮದೇ ಆಯಿತು.

ಅತ್ತೆಯ ವಿಷಯ ಬರೆಯಲು ನನಗೆ ಹೆಚ್ಚಿಗೆ ಇಲ್ಲ. ವಯಸ್ಸಾಗಿತ್ತು. ಅಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ನೀರು ಕೇಳಿದರು, ಕೊಟ್ಟೆ, ಕುಡಿದರು, ಹೋದರು. ಯಾರ ಕೈಯಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಅಂಥ ಸಾವು ಬೇಡಿದರೂ ಸಿಗುವುದಿಲ್ಲ ಎನ್ನುತ್ತಾರೆ ಮಂದಿ.

ಹಕ್ಕಿ ಇನ್ನೂ ಇದೆ. ಮಳೆಗಾಲ ಇನ್ನೂ ಒಂದು ತಿಂಗಳಿದೆ. ಮರೆಯನ್ನು ಮಾಬುಸಾಬರು ಮತ್ತೆ ಸರಿಮಾಡಿದ್ದಾರೆ. ಮನೆ ಬಹಳ ದೊಡ್ಡದಾಗಿದೆ. ಬುತ್ತಿ ಮಾಬುಸಾಬರ ಕೈಯಲ್ಲಿ ಕಳಿಸುತ್ತೇನೆ, ಯಾರೂ ಏನೂ ಅನ್ನುವಂತಿಲ್ಲ. ಬನ್ನಿ.

ಶಿವಗಂಗಾ


ಕುಂದಗೋಳ
20 ನವೆಂಬರ್ 1985
(ಕಾರ್ಡು)

ಅಕ್ಕೋರಿಗೆ ಶರಣು. ನಿಮ್ಮ ಮೂರೂ ಪತ್ರ ಮುಟ್ಟಿವೆ. ಲಗ್ನದ ಸೀಜನ್, ಕೈ ಬಿಡುವಿಲ್ಲ. ಹಕ್ಕಿಯ ಆಸೆ ಈಗ ಅಷ್ಟಾಗಿ ಉಳಿದಿಲ್ಲ. ನನ್ನ ದಾರಿ ಕಾಯಬೇಡಿ.

ಮಡಿವಾಳೆಪ್ಪ


ಬೆಳವನಾಳ
14 ಜನವರಿ 1986

ಮಡಿವಾಳೆಪ್ಪನವರಿಗೆ,

ಸಂಕ್ರಮಣದ ಕುಸರೆಳ್ಳು ಇದರ ಜೊತೆಗಿದೆ. ಊರಲ್ಲಿ ಎಲ್ಲರಿಗೂ ಕೊಟ್ಟೆ, ನಿಮಗೂ ಕಳಿಸಿದೆ. ಅದಕ್ಕಿಂತ ಹೆಚ್ಚಿನ ಅರ್ಥ ಮಾಡಿಕೊಳ್ಳಬೇಡಿ.

ಮಣ್ಣಿನ ದಿನ ಈರಬಸಪ್ಪ ನಾಲ್ಕು ಮಂದಿಯ ಮುಂದೆ, "ಫೋಟೋದವಗ ಹಕ್ಕಿ ಮ್ಯಾಲ ಕಣ್ಣೋ, ನಮ್ಮ ಅತ್ತಿಗಿ ಮ್ಯಾಲ ಕಣ್ಣೋ?" ಎಂದಿದ್ದ. ಅದು ನಿಮ್ಮ ಕಿವಿಗೆ ಬಿದ್ದು ನೊಂದುಕೊಂಡು ಬರುವುದು ಬಿಟ್ಟಿರಿ ಎಂದು ಬಹಳ ದಿನ ತಿಳಿದಿದ್ದೆ. ನಿಮ್ಮ ಕಾರ್ಡು ಬಂದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಅವನ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಿದ್ದೀರಿ. ಕಣ್ಣು ಹಕ್ಕಿಯ ಮೇಲಿತ್ತು. ಹಕ್ಕಿಯ ಆಸೆ ಹೋಯಿತು, ಬರುವುದೂ ನಿಂತಿತು. ಶಾಲೆಯ ಮಕ್ಕಳೂ ಬಿಡಿಸಬಹುದಾದ ಲೆಕ್ಕ ಇದು.

ಶಿವರಾತ್ರಿಯ ನಂತರ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ. ಮಿಶ್ರಿಕೋಟಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ಈ ಮನೆಯಲ್ಲಿ ಒಬ್ಬಳೇ ಇರುವುದು ನನ್ನಿಂದ ಆಗದು.

ನಿಮ್ಮ ಮೇಲೆ ನನಗೆ ಏನೂ ಹಕ್ಕಿಲ್ಲ ಎಂಬುದು ಗೊತ್ತು. ಇದ್ದಿದ್ದರೆ ಚೆನ್ನಾಗಿತ್ತು.

ಶಿವಗಂಗವ್ವ


ಕುಂದಗೋಳ
16 ಮಾರ್ಚ್ 1986

ಶಿವಗಂಗಾ,

ಅಕ್ಕೋರೆ ಎಂದು ಬರೆಯಲು ಕೂತೆ, ಇವತ್ತು ಆಗಲಿಲ್ಲ. ಇದನ್ನು ಓದಿದ ಮೇಲೆ ಮತ್ತೆ ಅಕ್ಕೋರೆ ಎನ್ನು ಎಂದರೆ ಎನ್ನುತ್ತೇನೆ.

ರೋಲಿಗೆ ಬೆಳಕು ಬಿದ್ದಿರಲಿಲ್ಲ. ಹಕ್ಕಿ ಬಂದಿರಲಿಲ್ಲ ಎಂಬುದೂ ಸುಳ್ಳು.

ಅಂದು ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಹಕ್ಕಿ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಎಂದಿನಂತೆ ಈಗ ಹೋಗುತ್ತದೆ, ಇನ್ನೇನು ಹೋಗುತ್ತದೆ ಎಂಬ ಗಡಿಬಿಡಿಯಲ್ಲಿ ಒತ್ತುತ್ತಲೇ ಹೋದೆ. ತಾಳ್ಮೆಯ ಮಾತಾಡುವ ದೊಡ್ಡ ಮನುಷ್ಯ ನಾನು, ಕಾಗೆಯಷ್ಟು ಹಕ್ಕಿಗೆ ಮೂವತ್ನಾಲ್ಕು ಫ್ರೇಮು ಹಾಳುಮಾಡಿದೆ. ಬೇರೆ ರೋಲು ತಂದಿರಲಿಲ್ಲ. ಆಮೇಲೆ ಅದು ಹೊರಳಿತು. ನೆಟ್ಟಗೆ ನನ್ನ ಕಡೆಗೆ ನಡೆದು ಬರತೊಡಗಿತು. ಇಪ್ಪತ್ತೈದು ಹೆಜ್ಜೆಯಲ್ಲಿ ನಿಂತಿತು. ಕೊರಳು ಉಬ್ಬಿಸಿ ಚೀಲದಂತೆ ಇಳಿಬಿಟ್ಟಿತು, ಪುಕ್ಕ ಹರಡಿತು, ಬಾವಿಯೊಳಗಿಂದ ಯಾರೋ ಕರೆದಂತೆ ಕೂಗಿತು. ನನ್ನ ಎದೆಯಲ್ಲಿ ಕೇಳಿಸಿತು ಅದು.

ಉಳಿದದ್ದು ಎರಡೇ. ಮುಟ್ಟಬಾರದ ಎರಡು. ಎರಡನ್ನೂ ಒತ್ತಿದೆ. ಒತ್ತುವಾಗ ನಮ್ಮಪ್ಪನ ನೆನಪೂ ಆಗಲಿಲ್ಲ, ಗುರವ್ವನ ನೆನಪೂ ಆಗಲಿಲ್ಲ. ಅಷ್ಟು ಸಂತೋಷ ನನಗೆ ಜೀವನದಲ್ಲಿ ಆಗಿರಲಿಲ್ಲ. ಹಕ್ಕಿ ಹೋದ ಮೇಲೂ ಒಂದು ತಾಸು ಅಲ್ಲೇ ಕೂತಿದ್ದೆ. ಮೊದಲು ನಿನಗೆ ಹೇಳಬೇಕು ಎಂದುಕೊಂಡು ಓಣಿಗೆ ಬಂದರೆ ನಿಮ್ಮ ಮನೆಯ ಮುಂದೆ ಮಂದಿ.

"ಫೋಟೋದವ್ರು ಊರಾಗs ಅದಾರ. ಮುದುಕಿ ಪುಣ್ಯಾ ನೋಡ್ರಿ" ಎಂದರು ಯಾರೋ. ಎಲ್ಲರೂ ಹಾದಿ ಬಿಟ್ಟರು. ರೋಲು ಮುಗಿದಿದೆ ಎಂದು ಅಲ್ಲಿಯೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಎದುರಿಗೆ ನಿಂತೆ, ಅಳಬೇಡಿ ಎಂದೆ, ಈ ಕಡೆ ನೋಡಿ ಎಂದೆ, ಒಂದು ಗುಂಡಿ ಒತ್ತಿ ಸಪ್ಪಳ ಮಾಡಿದೆ. ನೀನು ಅಳು ನಿಲ್ಲಿಸಿ ನೋಡಿದೆ. ಖಾಲಿ ಕ್ಯಾಮೆರಾವನ್ನು ನೋಡಿದೆ. ಅದೊಂದು ನೋಟದ ಸಲುವಾಗಿ ಏಳು ತಿಂಗಳು ನಿನ್ನ ಎದುರಿಗೆ ಬರಲಾಗಲಿಲ್ಲ. ಹಕ್ಕಿಯ ಆಸೆ ಹೋಗಿತ್ತು ಎಂದದ್ದು ನಿಜ. ನಿನ್ನ ಆಸೆ ಹೋಗಿತ್ತು ಎಂದು ನಾನು ಎಲ್ಲಿಯೂ ಬರೆದಿಲ್ಲ.

ರೋಲು ಅಂದೇ ತೊಳೆದೆ, ಲಕೋಟೆಗೆ ಹಾಕಿ ಕಪಾಟಿಗೆ ಸೇರಿಸಿದೆ. ಹಕ್ಕಿಯ ಮುಖ ನೋಡುವ ಧೈರ್ಯವಾಗಲಿಲ್ಲ. ನಿನ್ನ ಸಂಕ್ರಮಣದ ಪತ್ರ ಬಂದ ಮೇಲೆ ದಿನಾ ಅದನ್ನು ಓದಿದೆ. ನಿನ್ನೆ ಕತ್ತಲೆ ಕೋಣೆಗೆ ಹೋಗಿ ಎರಡನ್ನೂ ದೊಡ್ಡದು ಮಾಡಿದೆ. ಮೊದಲನೆಯದರಲ್ಲಿ ಬರೀ ಹಕ್ಕಿ. ಎರಡನೆಯದರಲ್ಲಿ ಅದು ಓರೆಯಾಗಿ ನಿಂತಿದೆ, ಅದರ ಹಿಂದೆ, ಹುಲ್ಲಿನ ಆಚೆ, ಮಬ್ಬಾಗಿ ಯಾರೋ. ಕಾಗದವನ್ನು ನೀರಿನಿಂದ ಎತ್ತಿ ಬೆಳಕಿಗೆ ಹಿಡಿದೆ.

ಆಯಿ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಕೋಲು. ಹಕ್ಕಿಯ ಕಡೆ ನೋಡುತ್ತಿಲ್ಲ, ಮುಖ ಬೇರೆ ಕಡೆ ತಿರುಗಿದೆ. ಬಾಜುಕ್ಕೆ ನಡೆಯುತ್ತಿದ್ದಾರೆ.

ದೈವ ಒಲಿಯಿತು ಎಂದು ಒಂದು ತಾಸು ಮನಸ್ಸಿನಲ್ಲೇ ಕುಣಿದಾಡಿದ್ದೆ ನಾನು. ದೈವವಲ್ಲ ಅದು. ಎಪ್ಪತ್ತು ದಾಟಿದ ಮುದುಕಿ ಮಳೆಯಲ್ಲಿ ನಾಲ್ಕು ಎಕರೆ ಸುತ್ತಿ, ಎಮ್ಮೆ ಹೊಳ್ಳಿಸಿದ ಹಾಗೆ ಅದನ್ನು ನನ್ನ ಕಡೆಗೆ ಹೊಳ್ಳಿಸಿದ್ದಾಳೆ.

ಫೋಟೋ ಕಳಿಸಿದ್ದೇನೆ. ಈರಬಸಪ್ಪನವರಿಗೆ ಕೊಡು, ಸುಳ್ಳನ್ನೂ ಹೇಳು. ನನಗೆ ಏನು ಅನ್ನಬೇಕೋ ಅನ್ನು.

ಮಡಿವಾಳೆಪ್ಪ


ಬೆಳವನಾಳ
27 ಮಾರ್ಚ್ 1986

ಮಡಿವಾಳೆಪ್ಪನವರಿಗೆ,

ಫೋಟೋ ಬಂದು ಐದು ದಿನವಾಯಿತು. ಖಾಲಿ ಕ್ಯಾಮೆರಾ ಹಿಡಿದು ನಮ್ಮನ್ನೆಲ್ಲ ಸಾಲಾಗಿ ಕೂರಿಸಿದಿರಿ, ನನ್ನ ಅಳು ನಿಲ್ಲಿಸಿದಿರಿ. ಅದಕ್ಕೆ ಬಂದ ಸಿಟ್ಟು ಇನ್ನೂ ಇದೆ. ಇರಲಿ, ಅದು ತನ್ನ ಹೊತ್ತಿಗೆ ಹೋಗುತ್ತದೆ.

ಈರಬಸಪ್ಪನಿಗೆ ತೋರಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ಹಿಡಿದು ನೋಡಿದ. "ಯವ್ವನ ನಡಿಗಿ ಹಿಂಗs ಇತ್ತು" ಎಂದ. ಹೊಲವನ್ನು ಅವನು ಹೋದ ವಾರವೇ ಉಳುಮೆ ಮಾಡಿಸಿದ್ದಾನೆ. ಮೊದಲೇ ಫೋಟೋ ಬಂದಿದ್ದರೆ ಮಾಡಿಸುತ್ತಿರಲಿಲ್ಲವೇನೋ. ಅದನ್ನು ಕೇಳಲಿಲ್ಲ ನಾನು. ಫೋಟೋ ಈಗ ಅವನ ಮನೆಯಲ್ಲಿದೆ. ನನಗೆ ಇನ್ನೊಂದು ಪ್ರತಿ ಬೇಕು.

ಸುಳ್ಳು ಹೇಳಿದವರು ನೀವೊಬ್ಬರೇ ಅಲ್ಲ.

ಅತ್ತೆಗೆ ಎರಡು ದಿನದಿಂದ ಜ್ವರವಿತ್ತು. ಅಂದು ನಸುಕಿನಲ್ಲಿ ಬೇಡವೆಂದರೂ ಕೇಳದೆ ಕೋಲು ಹಿಡಿದು ಹೋದರು. ಬಂದಾಗ ಮೊಣಕಾಲಿನವರೆಗೂ ಎರೆಮಣ್ಣು ಮೆತ್ತಿತ್ತು, ಸೀರೆ ತೊಯ್ದು ತಪ್ಪಡಿಯಾಗಿತ್ತು. ನಿಮ್ಮ ಮರೆಯ ಕಡೆಗೆ ಹೋಗಿದ್ದರು ಎಂದುಕೊಂಡೆ. ಅದು ತಿಳಿದರೆ ನೀವು ಜೀವಮಾನವಿಡೀ ಕೊರಗುತ್ತೀರಿ ಎಂದು ಯಾರಿಗೂ ಹೇಳಲಿಲ್ಲ. ನಾನೇ ಅವರ ಕಾಲು ತೊಳೆದೆ. ನೀರು ಕುಡಿದು, "ಇವತ್ತ ಫೋಟೋದಾವಗ ಎರಡ ರೊಟ್ಟಿ ಹೆಚ್ಚಿಗಿ ಕಟ್ಟು" ಎಂದರು. ಅದೇ ಕಡೆಯ ಮಾತು.

ಇನ್ನೊಂದು ಇದೆ. ಇದನ್ನು ಬರೆಯಲು ಐದು ದಿನ ಬೇಕಾಯಿತು. ಮೊದಲ ವರ್ಷ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನೀವು ಬದು ಹತ್ತುವಷ್ಟರಲ್ಲಿ ಹೊಲ ಖಾಲಿಯಾಗಿತ್ತು ಎಂದು ಬರೆದಿದ್ದಿರಿ. ಹಕ್ಕಿಯನ್ನು ಎಬ್ಬಿಸಿದವಳು ನಾನು. ನಸುಕಿನಲ್ಲಿ ಹೋಗಿ ಕೊಡೆ ಬಿಚ್ಚಿ ಬೀಸಿದೆ. ಅದು ಸಿಕ್ಕ ದಿನ ನೀವು ಬರುವುದು ನಿಲ್ಲುತ್ತದೆ ಎಂಬ ಹೆದರಿಕೆ. ಆ ಎರಡು ಮಳೆಗಾಲದಲ್ಲಿ ಹಕ್ಕಿ ನಿಮ್ಮ ಹತ್ತಿರ ಬರಲಿ ಎಂದು ಒಂದು ಸಲವೂ ನಾನು ಬಯಸಲಿಲ್ಲ. ಬುತ್ತಿ ಕಟ್ಟುವಾಗೆಲ್ಲ ಇವತ್ತೂ ಸಿಗದಿರಲಿ ಎಂದುಕೊಂಡೇ ಕಟ್ಟಿದೆ. ಮೂವತ್ತಾರು ವರ್ಷದ ಅಕ್ಕೋರು ಮಾಡುವ ಕೆಲಸವಲ್ಲ. ಮಾಡಿದೆ.

ಅತ್ತೆ ಅದನ್ನು ನೋಡಿದ್ದರು. ಒಂದು ವರ್ಷ ಬಾಯಿಬಿಡಲಿಲ್ಲ. ಜ್ವರ ಬಂದು ಮಲಗಿದ್ದ ಶನಿವಾರ, ನೀವು ಬಸ್ಸಿನಿಂದ ಇಳಿದದ್ದನ್ನು ನಾನು ಕಿಟಕಿಯಿಂದ ನೋಡುತ್ತಿದ್ದಾಗ ಹೇಳಿದರು: "ಎಷ್ಟ ದಿವಸ ಕಿಟಕ್ಯಾಗ ನಿಂದರ್ತಿ? ಆ ಹಕ್ಕಿ ಒಮ್ಮೆ ಅವಗ ಸಿಕ್ಕಬಿಡಲಿ. ಸಿಕ್ಕ ಮ್ಯಾಲೂ ಬಂದ್ರ, ನಿನ್ನ ಸಂಬಂಧ ಬರಾಂವ ಅಂತ ತಿಳೀತು. ಬರಲಿಲ್ಲಂದ್ರ ಅದೂ ತಿಳೀತು. ನಮ್ಮ ಅಕ್ಕನೂ ಗಂಡ ಸತ್ತ ಮ್ಯಾಲ ಉಡಿಕಿ ಆಗಿ ಎರಡನೇ ಮನಿ ಹೊಕ್ಕಾಕಿನs. ಯಾರೂ ಹೊರಗ ಹಾಕಲಿಲ್ಲ." ಜ್ವರದ ಮಾತು ಎಂದು ನಾನು ಕಷಾಯ ಕಾಯಿಸಲು ಎದ್ದೆ. ಮರುದಿನ ಅವರು ಹಕ್ಕಿಯನ್ನು ಹೊಳ್ಳಿಸಲೆಂದೇ ಹೊಲಕ್ಕೆ ಹೋದರೆಂದು ನಿಮ್ಮ ಫೋಟೋ ನೋಡುವವರೆಗೂ ನನಗೆ ಹೊಳೆದಿರಲಿಲ್ಲ.

ಹಕ್ಕಿ ಸಿಕ್ಕಿತು. ಸಿಕ್ಕ ಮೇಲೆ ನೀವು ಬರಲಿಲ್ಲ. ಅತ್ತೆಯ ಲೆಕ್ಕದಲ್ಲಿ ಅದಕ್ಕೆ ಒಂದೇ ಅರ್ಥ. ನಿಮ್ಮ ಪತ್ರದಲ್ಲಿ ಬೇರೆ ಅರ್ಥ ಇದೆ. ಯಾವುದು ಸರಿ ಎಂದು ಪತ್ರ ಓದಿ ತಿಳಿಯುವುದಿಲ್ಲ.

ಮಿಶ್ರಿಕೋಟಿಗೆ ವರ್ಗವಾಗಿದೆ, ಜೂನ್ ಒಂದರಿಂದ. ಅಲ್ಲಿಯವರೆಗೆ ಇಲ್ಲೇ ಇದ್ದೇನೆ. ಹೊಲದಲ್ಲಿ ಈಗ ನೋಡಲು ಏನೂ ಇಲ್ಲ, ಬರೀ ಹೆಂಟೆ. ಬರುವುದಿದ್ದರೆ ಇದಕ್ಕೆ ಉತ್ತರ ಬರೆಯುತ್ತ ಕೂರಬೇಡಿ, ಬಂದುಬಿಡಿ.

ನಿಮ್ಮ
ಶಿವಗಂಗಾ